ಪ್ರತಿನಾಯಕನ ಪಾತ್ರ: ಕನ್ನಡ ಚಲಚ್ಚಿತ್ರದಲ್ಲಿ ಮಹಾಕಾವ್ಯ, ೧೯೩೪ರಿಂದ ಈಚೆಗೆ

೧

ಬೆಂಗಳೂರು ದಂಡಿನ ಈಶಾನ್ಯದ ಅಂಚಿನಲ್ಲಿರುವ ಲಿಂಗರಾಜಪುರದ ಹೆಸರನ್ನು ಕನ್ನಡಿಗರು ‘ಪುರ’ ಎಂದು ಮುಗಿಸುತ್ತಾರೆ. ತಮಿಳು ತೆಲುಗುಗಳನ್ನಾಡುವ ನೆರೆಯವರು ‘ಪುರಂ’ ಎಂದು ಮುಗಿಸುತ್ತಾರೆ. ಇಲ್ಲಿನ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ, ಇಂಗ್ಲಿಷು ಕೇಳಿಬರುವುದು ಹೊಸ ಸಂಗತಿಯೇನೂ ಅಲ್ಲ. ೧೮೦೯ರಲ್ಲಿ ದಂಡು ನೆಲೆಗೊಂಡಂದಿನಿಂದ ೧೯೪೭ರಲ್ಲಿ ಆ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳುವವರೆಗೆ ಬೆಂಗಳೂರು ಎರಡು ಊರುಗಳಾಗಿಯೇ ಬೆಳೆಯಿತೆಂಬುದು ಸರ್ವವಿದಿತ. ಪೇಟೆಯಲ್ಲಿ ಕನ್ನಡ ನಾಟಕದ ಕಂಪನಿಗಳು ಬಿಡಾರ ಹೂಡುತ್ತಿದ್ದರೆ, ದಂಡಿನ ಚಿತ್ರಮಂದಿರಗಳಲ್ಲಿ ಇಂಗ್ಲಿಷು, ಹಿಂದಿ, ತಮಿಳು ಚಿತ್ರಗಳದೇ ಬಹುಕಾಲ ಮೇಲುಗೈ. ಆದುದರಿಂದ ಒಂದು ಪುರಾಣಕಥೆಯನ್ನು ಹಲವು ಭಾಷೆಯವರ ಮುಂದೆ ಏಕಕಾಲಕ್ಕೆ ಇಡುವುದು ಹೇಗೆಂಬ ಪ್ರಶ್ನೆ ಈ ಭಾಗದವರಿಗೆ ದೂರದೇಶದ ಪ್ರಶ್ನೆಯಲ್ಲ. ಪಕ್ಕದ ಮನೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವುಂಟು. ನಿತೇಶ್ ತಿವಾರಿಯವರು ನಿರ್ದೇಶಿಸುತ್ತಿರುವ ‘ರಾಮಾಯಣ’ ಚಿತ್ರದ ಮೊದಲ ನೋಟವು ೨೦೨೫ರ ಜುಲೈ ೩ರಂದು ಪ್ರಕಟವಾಯಿತು. ಎರಡು ಭಾಗಗಳಲ್ಲಿ, ೨೦೨೬ ಮತ್ತು ೨೦೨೭ರ ದೀಪಾವಳಿಗಳಿಗೆ ಅದನ್ನು ಲೋಕದ ಮುಂದೆ ತರುವುದಾಗಿ ಆಗ ಸಾರಲಾಯಿತು. ಎರಡು ಭಾಗಗಳಿಗೂ ಕೂಡಿ ಸುಮಾರು ೪೦೦೦ ಕೋಟಿ ರೂಪಾಯಿಗಳ ವೆಚ್ಚವಾಗುವುದೆಂದು ನಿರ್ಮಾಪಕರಾದ ನಮಿತ್ ಮಲ್ಹೋತ್ರಾ ಅವರೇ ಹೇಳಿದ್ದಾರೆ. ಸಂಗೀತಕ್ಕೆ ಎ. ಆರ್. ರಹಮಾನರೊಡನೆ ಜರ್ಮನಿಯಲ್ಲಿ ಹುಟ್ಟಿದ ಹಾನ್ಸ್ ಝಿಮ್ಮರ್ ಸೇರಿದ್ದಾರೆ. ರಾಮನ ಪಾತ್ರ ರಣಬೀರ್ ಕಪೂರರದು, ಸೀತೆಯ ಪಾತ್ರ ಸಾಯಿ ಪಲ್ಲವಿಯವರದು. ಕನ್ನಡದ ನಟರಾದ ಯಶ್ ಅವರು ಈ ಚಿತ್ರದ ಸಹನಿರ್ಮಾಪಕರು. ಅವರು ವಹಿಸಿರುವ ಪಾತ್ರ ರಾವಣನದು.

ಹಣ ಹೂಡುವವರಲ್ಲಿ ಒಬ್ಬರಾಗಿಯೂ ಕನ್ನಡ ನಟರು ನಾಯಕನ ಪಾತ್ರವನ್ನು ಬಿಟ್ಟು ಪ್ರತಿನಾಯಕನ ಪಾತ್ರವನ್ನು ತೆಗೆದುಕೊಂಡದ್ದು ಕೆಲವರಿಗೆ ಆಶ್ಚರ್ಯವನ್ನುಂಟುಮಾಡಿತು. ಕನ್ನಡ ರಂಗಭೂಮಿಯ ಮತ್ತು ಚಲಚ್ಚಿತ್ರದ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಕನ್ನಡದಲ್ಲಿ ಮಹಾಕಾವ್ಯವು ತೆರೆಯನ್ನೇರಿದ ಮೊದಲ ದಿನದಿಂದಲೂ ಕಥೆಯನ್ನು ನೋಡುವ ಕಣ್ಣು ಬಹುಮಟ್ಟಿಗೆ ಎದುರುಪಕ್ಷದ ಕಣ್ಣೇ ಆಗಿದೆ. ಈ ಸಂಪ್ರದಾಯವು ಎಲ್ಲಿಂದ ಬಂದಿತು, ಯಾವ ಕಾರಣಗಳಿಂದ ಉಳಿಯಿತು, ಕನ್ನಡನಾಡಿನ ಗಡಿಯನ್ನು ದಾಟಿದಾಗಲೆಲ್ಲ ಏನಾಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹೊಸ ಚಿತ್ರದ ಗುಣದೋಷಗಳ ವಿಚಾರ ಇದರ ವ್ಯಾಪ್ತಿಗೆ ಸೇರಿದ್ದಲ್ಲ.

೨

ಮೊದಲು ಕಾವ್ಯದ ಮಾತು. ಹತ್ತನೆಯ ಶತಮಾನದಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ಅರ್ಜುನನಲ್ಲಿ ತನ್ನ ದೊರೆಯಾದ ಅರಿಕೇಸರಿಯನ್ನು ಕಂಡನು, ಆದರೂ ಕರ್ಣನ ಹಿರಿಮೆಯನ್ನು ಹೇಳುವಾಗ ಕವಿಯ ಹೃದಯ ತುಂಬಿಬಂದುದನ್ನು ಓದುಗರೆಲ್ಲರೂ ಬಲ್ಲರು. ಆ ಶತಮಾನದ ಕೊನೆಯ ಭಾಗದಲ್ಲಿ ರನ್ನನು ‘ಸಾಹಸಭೀಮವಿಜಯ’ವನ್ನು ರಚಿಸಿದನು. ಹೆಸರಿಗೆ ಭೀಮನು ನಾಯಕ. ಕವಿಯ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನಿಗೆ ಅವನೊಡನೆ ಅಭೇದ. ಆದರೆ ಕಾವ್ಯದ ಬಹುಭಾಗವನ್ನು ಆಕ್ರಮಿಸಿರುವವನು ಹೆಣಗಳ ನಡುವೆ ನಡೆದು ತಮ್ಮನಿಗಾಗಿ, ಮಗನಿಗಾಗಿ, ಗೆಳೆಯನಿಗಾಗಿ ಕೊರಗುವ ದುರ್ಯೋಧನನೇ. ‘ಗದಾಯುದ್ಧ’ವೆಂಬ ಹೆಸರಿನಿಂದ ಈ ಕಾವ್ಯ ಪ್ರಸಿದ್ಧವಾದುದೂ ಉಚಿತವಾಗಿಯೇ ಇದೆ.

ಕ್ರಿ. ಶ. ೧೧೦೦ರ ಸುಮಾರಿನಲ್ಲಿದ್ದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು ಜೈನ ಪರಂಪರೆಯ ರಾಮಕಥೆ. ಅಲ್ಲಿ ರಾವಣನು ರಾಕ್ಷಸನಲ್ಲ; ವಿದ್ಯಾಧರ ಕುಲದವನು. ತನ್ನನ್ನು ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂಬ ವ್ರತವುಳ್ಳವನು. ಸೀತೆಯ ಸಂಕಟವನ್ನು ಕಣ್ಣಾರೆ ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಕೂಡಲೇ ಒಪ್ಪಿಸಿದರೆ ಅಂಜಿ ಒಪ್ಪಿಸಿದನೆಂಬ ಮಾತು ಬಂದೀತೆಂಬ ಅಭಿಮಾನದಿಂದ, ಮೊದಲು ಗೆದ್ದು ಆಮೇಲೆ ಸೀತೆಯನ್ನು ಕೊಡುವೆನೆಂದು ಯುದ್ಧಕ್ಕೆ ಹೋಗಿ ಮಡಿಯುತ್ತಾನೆ. ಪಶ್ಚಾತ್ತಾಪವೂ ಅಭಿಮಾನವೂ ಒಂದೇ ಎದೆಯಲ್ಲಿ ಕಲೆತಿರುವ ಈ ವ್ಯಕ್ತಿಯನ್ನು ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವೊಂದರಲ್ಲಿ ದುರಂತನಾಯಕನೆಂದು ವಿವೇಚಿಸಿದರು. ಅವರೇ ರನ್ನನ ಕಾವ್ಯವನ್ನು ಗ್ರೀಕರ ರುದ್ರನಾಟಕದ ಜಾಡಿನಲ್ಲಿ ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು (೧೯೨೬). ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (೧೯೪೯) ರಾವಣನ ಹೃದಯಪರಿವರ್ತನೆಯನ್ನು ಮತ್ತೂ ಮುಂದಕ್ಕೆ ಕೊಂಡೊಯ್ದುದನ್ನು ಇಲ್ಲಿ ನೆನೆದರೆ ಸಾಕು.

ಇದು ಪಂಡಿತರಿಗೆ ಮಾತ್ರ ಸೇರಿದ ವಿಚಾರವೆಂದು ಭಾವಿಸಬಾರದು. ಅಕ್ಷರ ಬಾರದವರ ರಾಮಾಯಣದಲ್ಲಿಯೂ ಲಂಕೆಯವನಿಗೆ ವಿಶೇಷ ಸ್ಥಾನವಿದೆ. ಕನ್ನಡ ಜನಪದರ ಒಂದು ಕಥೆಯಲ್ಲಿ ರಾವಣನು ಮಾವಿನ ಹಣ್ಣು ತಿಂದು ತಾನೇ ಬಸುರಾಗಿ ಸೀನುತ್ತಾನೆ. ಸೀನಿದಾಗ ಹುಟ್ಟಿದವಳೇ ಸೀತೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಮುನ್ನೂರು ರಾಮಾಯಣಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ಈ ಕಥೆಯನ್ನು ಲೋಕಕ್ಕೆ ಪರಿಚಯಿಸಿದರು. ಆ ಪ್ರಬಂಧವನ್ನು ೨೦೧೧ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪಠ್ಯದಿಂದ ತೆಗೆಯಲಾಯಿತು. ಕಥೆ ಒಂದೇ ಎನ್ನುವವರಿಗೂ ಹಲವು ಎನ್ನುವವರಿಗೂ ನಡುವಣ ವಾದ ಇಂದಿಗೂ ತಣಿದಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

೩

ಕಾವ್ಯದ ರಾವಣನು ತೆರೆಗೆ ಬಂದುದು ನೇರವಾಗಿ ಅಲ್ಲ; ನಾಟಕದ ಕಂಪನಿಗಳ ಮೂಲಕ. ಗುಬ್ಬಿ ವೀರಣ್ಣನವರ ಕಂಪನಿಯು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿತೆಂಬ ಮಾತು ರಂಗಭೂಮಿಯ ಇತಿಹಾಸದಲ್ಲಿ ಸುಪ್ರಸಿದ್ಧ. ಅಪಾರ ವೆಚ್ಚದ ದೃಶ್ಯವೈಭವವನ್ನು ಕನ್ನಡ ಪ್ರೇಕ್ಷಕರು ಚಲಚ್ಚಿತ್ರದಿಂದ ಕಲಿತವರಲ್ಲ. ಅದನ್ನು ಚಲಚ್ಚಿತ್ರಕ್ಕೆ ಕಲಿಸಿದವರೇ ಅವರು.

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು ೧೯೩೪ರ ಮಾರ್ಚ್ ೩ರಂದು ಬೆಂಗಳೂರು ಪೇಟೆಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅದರ ಹುಟ್ಟನ್ನು ನೋಡಿದರೆ ಅದು ಒಂದೇ ಭಾಷೆಯವರ ಸಾಹಸವಲ್ಲವೆಂಬುದು ತಿಳಿಯುತ್ತದೆ. ಹಣ ಹಾಕಿದವರು ವರ್ತಕರಾಗಿದ್ದ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕರು ತೆಲುಗು ಮನೆತನದ ವೈ. ವಿ. ರಾವ್. ಚಿತ್ರೀಕರಣ ನಡೆದುದು ಮರಾಠಿ ನಾಡಿನ ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ. ಮಾತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ತಗಲಿದ ವೆಚ್ಚ ಸುಮಾರು ೪೦,೦೦೦ ರೂಪಾಯಿ.

ಕಥೆಯ ಆಯ್ಕೆ ಗಮನಾರ್ಹ. ಸುಲೋಚನೆ ಇಂದ್ರಜಿತುವಿನ ಹೆಂಡತಿ. ಅವಳ ವೃತ್ತಾಂತ ವಾಲ್ಮೀಕಿಯಲ್ಲಿಲ್ಲ; ದೇಶಭಾಷೆಗಳ ಕಥನಗಳಲ್ಲಿಯೂ ನಾಟಕಗಳಲ್ಲಿಯೂ ಬೆಳೆದುಬಂದದ್ದು. ಗಂಡನು ಲಕ್ಷ್ಮಣನಿಂದ ಹತನಾದ ಮೇಲೆ ಅವನ ತಲೆಯನ್ನು ಬೇಡಿ ತರಲು ಅವಳು ಶತ್ರುವಿನ ಪಾಳೆಯಕ್ಕೆ ಹೋಗುತ್ತಾಳೆ. ಎಂದರೆ ಕನ್ನಡದ ಮೊದಲ ಮಾತಿನ ಚಿತ್ರವು ರಾಮಾಯಣದ ಯುದ್ಧವನ್ನು ತೋರಿಸಿದ್ದು ರಾಮನ ಬಿಡಾರದಿಂದಲ್ಲ, ಲಂಕೆಯ ಅಂತಃಪುರದಿಂದ. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ ಅಭಿನಯಿಸಿದರು. ಲಕ್ಷ್ಮಣನ ಪಾತ್ರವನ್ನು ನಿರ್ದೇಶಕರೇ ವಹಿಸಿದರು. ಮುಖ್ಯ ನಟರೆಲ್ಲರೂ ಲಂಕೆಯ ಪಕ್ಷದಲ್ಲಿದ್ದರೆಂಬುದನ್ನು ಗಮನಿಸಬೇಕು.

ಈ ಆಯ್ಕೆಗೆ ರನ್ನನಾಗಲಿ ನಾಗಚಂದ್ರನಾಗಲಿ ನೇರ ಕಾರಣರೆಂದು ಹೇಳುವುದು ಅತಿಶಯೋಕ್ತಿಯಾದೀತು. ಹತ್ತಿರದ ಕಾರಣವು ಕಂಪನಿಯ ವ್ಯವಸ್ಥೆಯಲ್ಲಿದೆ. ಸುಬ್ಬಯ್ಯನಾಯ್ಡು ಅವರೂ ನಾಗೇಂದ್ರರಾಯರೂ ಕೂಡಿ ನಡೆಸುತ್ತಿದ್ದುದು ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ. ಆ ಕಾಲದಲ್ಲಿ ಕಂಪನಿಯ ಒಡೆಯನೇ ಮುಖ್ಯ ನಟ. ಯಾವ ನಾಟಕವನ್ನು ಆಡಬೇಕೆಂಬ ತೀರ್ಮಾನ ಅವನದೇ. ನಟನ ಕಣ್ಣಿನಿಂದ ನೋಡಿದಾಗ ರಾಮನ ಪಾತ್ರ ಕಷ್ಟದ್ದಾದರೂ ಕಿರಿದು. ರಾಮನು ಶಾಂತನು, ಅವನ ಮಾತು ಮಿತ, ಅವನು ಬದಲಾಗುವುದಿಲ್ಲ. ರಾವಣನಿಗಾದರೋ ಗರ್ವ, ಭಕ್ತಿ, ಕಾಮ, ಪುತ್ರಶೋಕ, ಪಶ್ಚಾತ್ತಾಪ ಎಲ್ಲವೂ ಉಂಟು. ಒಂದೇ ರಾತ್ರಿಯಲ್ಲಿ ವೀರ ರೌದ್ರ ಕರುಣಗಳನ್ನು ತೋರಿಸಬಲ್ಲ ಪಾತ್ರವನ್ನು ಕೈಯಾರೆ ಬಿಟ್ಟುಕೊಡುವ ಒಡೆಯ ಯಾರು? ವೆಚ್ಚದ ಹೊರೆಯನ್ನು ಹೊತ್ತವನೇ ಪ್ರತಿನಾಯಕನ ಕಿರೀಟವನ್ನೂ ಹೊತ್ತುಕೊಳ್ಳುವುದು ಹೀಗೆ ವಾಡಿಕೆಯಾಯಿತು.

೪

ಈ ರಾವಣನು ಕನ್ನಡದ ಗಡಿಯನ್ನು ದಾಟಿದ ಬಗೆಯನ್ನು ಇನ್ನು ನೋಡಬಹುದು. ಮೊದಲ ದೊಡ್ಡ ನಿದರ್ಶನ ‘ಭೂಕೈಲಾಸ’. ರಾವಣನು ಶಿವನಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಒಯ್ಯುತ್ತಿರುವಾಗ ಗಣಪತಿಯು ಅದನ್ನು ನೆಲಕ್ಕಿಟ್ಟನೆಂಬ ಈ ಕಥೆ ನಮ್ಮ ಗೋಕರ್ಣದ ಸ್ಥಳಪುರಾಣ. ಇಲ್ಲಿ ರಾವಣನು ಶಿವಭಕ್ತ, ತಾಯಿಯ ಬಯಕೆಗಾಗಿ ತಪಸ್ಸು ಮಾಡಿದ ಮಗ, ದೇವತೆಗಳ ಉಪಾಯಕ್ಕೆ ಸಿಕ್ಕಿ ಕೈಗೆ ಬಂದುದನ್ನು ಕಳೆದುಕೊಂಡವನು. ಸಾಹಿತ್ಯ ಸಾಮ್ರಾಜ್ಯ ಮಂಡಳಿಯು ಇದನ್ನು ಕನ್ನಡ ನಾಟಕವಾಗಿ ಆಡುತ್ತಿತ್ತು. ಮದರಾಸಿನ ಎ. ವಿ. ಮೆಯ್ಯಪ್ಪ ಚೆಟ್ಟಿಯಾರ್ ಅವರು ೧೯೪೦ರಲ್ಲಿ ಅದನ್ನು ತೆಲುಗು ಚಿತ್ರವಾಗಿ ನಿರ್ಮಿಸಿದರು. ಸುಂದರರಾವ್ ನಾಡಕರ್ಣಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾವಣನಾದವರು ಸುಬ್ಬಯ್ಯನಾಯ್ಡು, ನಾರದನಾದವರು ನಾಗೇಂದ್ರರಾವ್. ಕನ್ನಡದ ನಾಟಕ, ಕನ್ನಡದ ನಟರು, ತೆಲುಗಿನ ಮಾತು, ತಮಿಳುನಾಡಿನ ಬಂಡವಾಳ: ಇಂದು ‘ಅಖಿಲ ಭಾರತ’ ಚಿತ್ರವೆಂದು ಹೊಗಳಿಸಿಕೊಳ್ಳುವ ವ್ಯವಹಾರದ ಅಂಗಗಳೆಲ್ಲವೂ ಆಗಲೇ ಇದ್ದುವು.

೧೯೫೮ರಲ್ಲಿ ಅದೇ ಎ. ವಿ. ಎಂ. ಸಂಸ್ಥೆಯು ಕೆ. ಶಂಕರ್ ಅವರ ನಿರ್ದೇಶನದಲ್ಲಿ ಈ ಕಥೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬೇರೆಬೇರೆಯಾಗಿ ಚಿತ್ರಿಸಿತು. ಕನ್ನಡದಲ್ಲಿ ರಾವಣನು ರಾಜಕುಮಾರ್, ನಾರದನು ಕಲ್ಯಾಣಕುಮಾರ್. ತೆಲುಗಿನಲ್ಲಿ ರಾವಣನು ಎನ್. ಟಿ. ರಾಮರಾವ್, ನಾರದನು ಅಕ್ಕಿನೇನಿ ನಾಗೇಶ್ವರರಾವ್. ಒಂದೇ ಕಥೆ ಎರಡು ಭಾಷೆಗಳಲ್ಲಿ ಎರಡು ಬಾರಿ ಆಡಲ್ಪಟ್ಟಿತೆಂಬುದು ಇಲ್ಲಿ ಮುಖ್ಯ. ಪ್ರತಿಯೊಂದು ಭಾಷೆಯ ನಟನೂ ತನ್ನ ಮಾತಿನ ಲಯಕ್ಕೆ ತಕ್ಕಂತೆ ನಡೆ, ನೋಟ, ನಿಲುವುಗಳನ್ನು ತಾನೇ ಕಟ್ಟಿಕೊಂಡನು. ಮರುವರ್ಷ, ೧೯೫೯ರಲ್ಲಿ, ಬಿ. ಎಸ್. ರಂಗಾ ಅವರು ‘ಮಹಿಷಾಸುರ ಮರ್ದಿನಿ’ಯನ್ನು ತಯಾರಿಸಿದರು. ಅಲ್ಲಿಯೂ ರಾಜಕುಮಾರರದು ಅಸುರನ ಪಾತ್ರವೇ. ಆ ಚಿತ್ರವು ಹಿಂದಿಯಲ್ಲಿ ‘ದುರ್ಗಾಮಾತಾ’ ಎಂಬ ಹೆಸರಿನಿಂದಲೂ ಬೇರೆ ಭಾಷೆಗಳಲ್ಲಿಯೂ ತೆರೆಕಂಡಿತು. ಈ ಬಾರಿ ನಡೆದದ್ದು ಮರುಚಿತ್ರಣವಲ್ಲ, ಮಾತಿನ ಜೋಡಣೆ. ಚಿತ್ರ ಒಂದೇ, ಧ್ವನಿ ಬೇರೆ. ಇವೆರಡು ವಿಧಾನಗಳ ನಡುವಣ ಅಂತರಕ್ಕೆ ಲೇಖನದ ಕೊನೆಯಲ್ಲಿ ಮರಳಬೇಕಾಗಿದೆ.

ಮಹಾಕಾವ್ಯದ ನಾಯಕನು ಕನ್ನಡದ ತೆರೆಗೆ ಬರಲೇ ಇಲ್ಲವೇ ಎಂದು ಕೇಳಬಹುದು. ಬಂದನು; ಆದರೆ ಬಂದಾಗಲೂ ಎದುರಾಳಿಯೊಡನೆಯೇ ಬಂದನು. ‘ಶ್ರೀ ರಾಮಾಂಜನೇಯ ಯುದ್ಧ’ದಲ್ಲಿ (೧೯೬೩) ರಾಜಕುಮಾರ್ ರಾಮನಾದರು, ಆದರೆ ಕಥೆಯ ತಿರುಳು ರಾಮನಿಗೆದುರಾಗಿ ನಿಂತ ಭಕ್ತ ಆಂಜನೇಯನದು, ಆ ಪಾತ್ರ ಉದಯಕುಮಾರರದು. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ದಲ್ಲಿ (೧೯೭೭) ರಾಜಕುಮಾರ್ ಅರ್ಜುನನೂ ಆದರು, ಅವನನ್ನು ಯುದ್ಧದಲ್ಲಿ ಕೆಡಹುವ ಮಗನೂ ಆದರು. ಕನ್ನಡಿಗರು ಈ ಕಥೆಯನ್ನು ಅರಿತದ್ದು ಮುಖ್ಯವಾಗಿ ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ. ತಂದೆ ಮಗನನ್ನು ಅಲ್ಲಗಳೆದಾಗ ಮಗನು ತಾಯಿಯ ಮಾನಕ್ಕಾಗಿ ಬಿಲ್ಲೆತ್ತುವ ಸನ್ನಿವೇಶದಲ್ಲಿ ಪ್ರೇಕ್ಷಕನ ಅನುಕಂಪ ಎತ್ತ ಕಡೆ ಹರಿಯುವುದೆಂಬುದನ್ನು ಹೇಳಬೇಕಾಗಿಲ್ಲ. ಹುಣಸೂರರೂ ರಾಜಕುಮಾರರೂ ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದವರೆಂಬುದನ್ನು ನೆನೆದರೆ ಪರಂಪರೆಯ ಕೊಂಡಿ ಸ್ಪಷ್ಟವಾಗುತ್ತದೆ.

೫

ನಗರದ ಚಿತ್ರಮಂದಿರಗಳಿಂದ ಸ್ವಲ್ಪ ದೂರ ಸರಿದು ಹಳ್ಳಿಗಳ ಕಡೆ ದೃಷ್ಟಿ ಹಾಯಿಸಿದರೆ ಇದೇ ತತ್ತ್ವವು ಬೇರೊಂದು ರೂಪದಲ್ಲಿ ಕಾಣುತ್ತದೆ. ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ ಸೀಮೆಗಳಲ್ಲಿ ಹವ್ಯಾಸಿಗಳು ರಾತ್ರಿಯಿಡೀ ಆಡುವ ಪೌರಾಣಿಕ ನಾಟಕಗಳಲ್ಲಿ ‘ಕುರುಕ್ಷೇತ್ರ’ಕ್ಕೆ ಅಗ್ರಸ್ಥಾನ. ಸೀನರಿ ಬಾಡಿಗೆಗೆ ಬರುತ್ತದೆ. ಕಿರೀಟ, ಗದೆ, ಜರಿಯ ಉಡುಪುಗಳೂ ಬಾಡಿಗೆಗೆ ಬರುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿಗೆ ಬಂದು ಮಟ್ಟುಗಳನ್ನೂ ಕಂದಪದ್ಯಗಳನ್ನೂ ಕಲಿಸುತ್ತಾರೆ. ಇದರ ಖರ್ಚನ್ನು ಕೊಡುವವರು ಪಾತ್ರಧಾರಿಗಳೇ. ಪಾತ್ರ ದೊಡ್ಡದಾದಷ್ಟೂ ಕೊಡಬೇಕಾದ ಹಣವೂ ಹೆಚ್ಚು. ಬೇಸಾಯಗಾರನೋ ಅಂಗಡಿಯವನೋ ಗುಮಾಸ್ತನೋ ತನ್ನ ಗಳಿಕೆಯಿಂದ ಹಣ ತೆತ್ತು ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನಾಗುತ್ತಾನೆ. ಅವನು ಗದೆಯನ್ನು ಹೆಗಲಿಗೇರಿಸಿ ಬಂದೊಡನೆ ಜನ ಶಿಳ್ಳೆ ಹಾಕುತ್ತಾರೆ, ಬಂಧುಗಳು ಹಾರ ಹಾಕುತ್ತಾರೆ. ಕೌರವನ ಸೋಲು ಯಾರಿಗೂ ಗೊತ್ತಿಲ್ಲದ್ದಲ್ಲ. ಆದರೂ ಅವನ ಅಭಿಮಾನಕ್ಕೆ ಅಂದು ರಾತ್ರಿ ಊರೇ ಸಾಕ್ಷಿ. ಸಾಹಿತ್ಯ ಸಾಮ್ರಾಜ್ಯ ಮಂಡಳಿಯ ಒಡೆಯರಿಗೂ ಹಳ್ಳಿಯ ಈ ಹವ್ಯಾಸಿಗೂ ನಡುವೆ ಅಂತಸ್ತಿನ ವ್ಯತ್ಯಾಸವಿದ್ದರೂ ಲೆಕ್ಕಾಚಾರದ ವ್ಯತ್ಯಾಸವಿಲ್ಲ: ಹಣ ತೆರುವವನು ಬಯಸುವುದು ಎದೆಯನ್ನು ತೆರೆದಿಡಬಲ್ಲ ಪಾತ್ರವನ್ನು.

ನಾಗಣ್ಣನವರು ನಿರ್ದೇಶಿಸಿ ಮುನಿರತ್ನ ಅವರು ನಿರ್ಮಿಸಿದ ‘ಕುರುಕ್ಷೇತ್ರ’ (೨೦೧೯) ಈ ಎರಡು ಪ್ರವಾಹಗಳ ಸಂಗಮವೆನ್ನಬಹುದು. ರನ್ನನ ‘ಗದಾಯುದ್ಧ’ವನ್ನು ಆಧಾರವಾಗಿಟ್ಟುಕೊಂಡ ಈ ಚಿತ್ರದಲ್ಲಿ ದುರ್ಯೋಧನನಾಗಿ ದರ್ಶನ್, ಭೀಷ್ಮನಾಗಿ ಅಂಬರೀಷ್, ಕೃಷ್ಣನಾಗಿ ರವಿಚಂದ್ರನ್, ಕರ್ಣನಾಗಿ ಅರ್ಜುನ್ ಸರ್ಜಾ ಅಭಿನಯಿಸಿದರು. ಚಿತ್ರವು ಬೆಳಕು ಕಾಣುವ ವೇಳೆಗೆ ಅಂಬರೀಷ್ ತೀರಿಕೊಂಡಿದ್ದರು. ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ ಎಂಬ ಐದು ಭಾಷೆಗಳಿಗಾಗಿ, ಮೂರು ಆಯಾಮದ ತಂತ್ರವನ್ನೂ ಬಳಸಿ ಅದನ್ನು ಸಿದ್ಧಗೊಳಿಸಲಾಯಿತು. ಲಿಂಗರಾಜಪುರದ ಒಂದು ಬೀದಿಯಲ್ಲಿ ಈ ಐದೂ ಭಾಷೆಗಳ ಮನೆಗಳನ್ನು ಕಾಣಬಹುದು. ಇಲ್ಲಿನವರು ಒಂದೇ ಊರಿನಲ್ಲಿದ್ದುಕೊಂಡು ಒಂದೇ ದುರ್ಯೋಧನನನ್ನು ಬೇರೆಬೇರೆ ಮಾತಿನಲ್ಲಿ ಕೇಳುವ ಅವಕಾಶ ಹೀಗೆ ಒದಗಿತು. ಪಾಂಡವರು ನಾಯಕರಾಗಿರುವ ಭಾರತವನ್ನು ಬಲ್ಲ ಹೊರನಾಡಿನ ಪ್ರೇಕ್ಷಕರಿಗೆ ಕನ್ನಡವು ಕಳುಹಿಸಿದ್ದು ಕೌರವನ ಭಾರತವನ್ನು.

೨೦೨೫ರ ‘ರಾಮಾಯಣ’ದ ಪ್ರಕಟಣೆಯನ್ನು ಈ ಸಾಲಿನ ಕೊನೆಯಲ್ಲಿಟ್ಟು ನೋಡಬೇಕು. ಯಶ್ ಅವರು ಚಿತ್ರರಂಗಕ್ಕೆ ಬರುವ ಮುನ್ನ ‘ಬೆನಕ’ ನಾಟಕ ತಂಡದಲ್ಲಿದ್ದವರು. ‘ಬೆನಕ’ವನ್ನು ಕಟ್ಟಿದ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿದ್ದವರು. ನಾಟಕದ ಹಿನ್ನೆಲೆಯ ನಟನೊಬ್ಬನು ಬಂಡವಾಳದಲ್ಲಿ ಪಾಲುಗಾರನಾಗಿ ರಾವಣನಾಗುವುದು, ೧೯೩೪ರ ಕಂಪನಿ ಒಡೆಯರ ಪದ್ಧತಿಯ ವಿಸ್ತರಣೆಯಲ್ಲದೆ ಬೇರೆಯಲ್ಲ. ಮೊತ್ತ ಮಾತ್ರ ೪೦,೦೦೦ದಿಂದ ಸಾವಿರಾರು ಕೋಟಿಗೆ ಏರಿದೆ.

೬

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಪ್ರತಿನಾಯಕನಲ್ಲಿ ಅನುಕಂಪವೆಂಬುದು ಕನ್ನಡಕ್ಕೆ ಮಾತ್ರ ಮೀಸಲಾದುದೇ ಎಂಬುದು ಮೊದಲನೆಯದು. ಅಲ್ಲವೆಂದು ಒಪ್ಪಬೇಕು. ಬಂಗಾಳದಲ್ಲಿ ಮೈಕೇಲ್ ಮಧುಸೂದನ ದತ್ತರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೇಘನಾದನ ವಧೆಯನ್ನು ಲಂಕೆಯ ಕಡೆಯಿಂದ ಹಾಡಿದರು. ತೆಲುಗಿನಲ್ಲಿ ಎನ್. ಟಿ. ರಾಮರಾಯರು ರಾಮ ಕೃಷ್ಣರಾಗಿ ಪೂಜೆಗೊಂಡರೂ ರಾವಣ ದುರ್ಯೋಧನರನ್ನು ಬಿಡಲಿಲ್ಲ. ‘ದಾನವೀರಶೂರ ಕರ್ಣ’ವನ್ನು (೧೯೭೭) ತಾವೇ ನಿರ್ಮಿಸಿ ನಿರ್ದೇಶಿಸಿದರು. ಆದುದರಿಂದ ಕನ್ನಡದ ಹಕ್ಕನ್ನು ಏಕಸ್ವಾಮ್ಯವೆಂದು ಹೇಳಲಾಗದು. ಆದರೆ ಕನ್ನಡದಲ್ಲಿ ಈ ದೃಷ್ಟಿಗೆ ಹತ್ತನೆಯ ಶತಮಾನದಿಂದ ಕಾವ್ಯದ ಬೆಂಬಲವಿದೆ. ಮೊದಲ ವಾಕ್ಚಿತ್ರದಿಂದ ಚಲಚ್ಚಿತ್ರದ ಬೆಂಬಲವಿದೆ. ಇಂದಿಗೂ ಹಳ್ಳಿಯ ರಂಗದ ಬೆಂಬಲವಿದೆ. ಮೂರೂ ಒಂದೆಡೆ ಕೂಡಿರುವುದು ವಿಶೇಷ. ಮೇಲಾಗಿ ತೆಲುಗಿನ ಮೊದಲ ‘ಭೂಕೈಲಾಸ’ದ ರಾವಣನು ಕನ್ನಡದ ನಟನೇ ಆಗಿದ್ದನೆಂಬುದನ್ನು ಆಗಲೇ ಕಂಡೆವು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ರಾವಣನ ಪಾತ್ರವನ್ನು ಕನ್ನಡ ನಟನು ವಹಿಸಿದ ಮಾತ್ರಕ್ಕೆ ಆ ರಾವಣನು ಕನ್ನಡದ ರಾವಣನಾದಾನೆ? ಆಗಲಾರನೆಂಬುದೇ ಇದಕ್ಕೆ ನೇರವಾದ ಉತ್ತರ. ಇದಕ್ಕೆ ಎರಡು ಕಾರಣಗಳಿವೆ.

ಒಂದು, ವೆಚ್ಚ. ಸಾವಿರಾರು ಕೋಟಿ ರೂಪಾಯಿಗಳನ್ನು ಮರಳಿ ಪಡೆಯಬೇಕಾದ ಚಿತ್ರವು ರಾಮಾಯಣವನ್ನು ಬಲ್ಲ ಕೋಟ್ಯಂತರ ಜನರನ್ನೂ ಒಮ್ಮೆಯೂ ಕೇಳದ ಹೊರದೇಶದವರನ್ನೂ ಒಟ್ಟಿಗೆ ಒಲಿಸಬೇಕು. ಬಲ್ಲವರು ತಮಗೆ ತಿಳಿದ ಕಥೆ ತಪ್ಪಿದರೆ ಮುನಿಯುತ್ತಾರೆ. ಅರಿಯದವರು ಕಥೆ ತೊಡಕಾದರೆ ಬೇಸರಪಡುತ್ತಾರೆ. ಇಬ್ಬರಿಗೂ ಒಪ್ಪುವ ಸುಲಭೋಪಾಯವೆಂದರೆ ಒಳ್ಳೆಯವನು ಒಳ್ಳೆಯವನಾಗಿಯೂ ಕೆಟ್ಟವನು ಕೆಟ್ಟವನಾಗಿಯೂ ಉಳಿಯುವುದು. ನಾಗಚಂದ್ರನ ರಾವಣನಂತೆ ಕೆಟ್ಟದ್ದನ್ನು ಮಾಡಿ, ಅರಿತು, ಅರಿತ ಮೇಲೂ ಅಭಿಮಾನದಿಂದ ಹಿಂದೆಗೆಯದ ವ್ಯಕ್ತಿಗೆ ಇಂತಹ ಎಣಿಕೆಯಲ್ಲಿ ಎಡೆ ಸಿಕ್ಕುವುದು ಕಷ್ಟ. ೪೦,೦೦೦ ರೂಪಾಯಿಗಳ ಚಿತ್ರವು ವಾಲ್ಮೀಕಿಯಲ್ಲಿಲ್ಲದ ಸುಲೋಚನೆಯನ್ನು ನಾಯಿಕೆಯಾಗಿ ಮಾಡುವ ಧೈರ್ಯ ತೋರಿತು. ಹಣ ಬೆಳೆದಂತೆ ಈ ಬಗೆಯ ಧೈರ್ಯ ಬೆಳೆಯುವುದೆಂದು ಹೇಳಲು ಇತಿಹಾಸದಲ್ಲಿ ಆಧಾರ ಕಾಣದು.

ಎರಡು, ಭಾಷೆ. ನಾಟಕದ ಕಂಪನಿಯಲ್ಲಿ ಮೊದಲು ಹುಟ್ಟುತ್ತಿದ್ದುದು ಮಾತು. ಕವಿ ಮಾತನ್ನು ಬರೆದ ಮೇಲೆ ನಟನು ಅದರ ಉಸಿರಿಗೆ ತಕ್ಕಂತೆ ಹೆಜ್ಜೆಯಿಡುತ್ತಿದ್ದನು. ೧೯೫೮ರ ‘ಭೂಕೈಲಾಸ’ದ ಎರಡು ರಾವಣರೂ ತಂತಮ್ಮ ಭಾಷೆಯಿಂದ ರೂಪು ತಳೆದವರು. ಮಾತಿನ ಜೋಡಣೆಯಲ್ಲಿ ಕ್ರಮ ತಲೆಕೆಳಗಾಗುತ್ತದೆ. ಚಿತ್ರ ಮೊದಲೇ ಸ್ಥಿರವಾಗಿರುತ್ತದೆ. ತುಟಿಗಳ ಚಲನೆಗೆ ಹೊಂದುವ ಪದಗಳನ್ನು ಆಮೇಲೆ ಹುಡುಕಬೇಕು. ಇಂತಹ ಜೋಡಣೆಯಿಂದ ಕನ್ನಡಕ್ಕೂ ಕನ್ನಡ ಕಲಾವಿದರಿಗೂ ಹಾನಿಯೆಂದು ಭಾವಿಸಿ ಅ. ನ. ಕೃಷ್ಣರಾಯರೇ ಮೊದಲಾದವರು ೧೯೬೦ರ ದಶಕದಲ್ಲಿ ಚಳವಳಿ ನಡೆಸಿದರು. ಮುಂದೆ ಸುಮಾರು ಐವತ್ತು ವರ್ಷ ಕಾಲ ಬೇರೆ ಭಾಷೆಗಳ ಚಿತ್ರಗಳು ಕನ್ನಡದ ಮಾತು ತೊಟ್ಟು ಬರಲಿಲ್ಲ. ೧೯೮೭–೮೮ರಲ್ಲಿ ದೂರದರ್ಶನದ ‘ರಾಮಾಯಣ’ವನ್ನು ಕನ್ನಡಿಗರು ಹಿಂದಿಯಲ್ಲಿಯೇ ನೋಡಿದರು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿಯು ಕನ್ನಡದ ಮಾತಿನಲ್ಲಿ ಮನೆಮನೆಗೆ ಬಂದಿತು. ಆಯೋಗದ ತೀರ್ಮಾನ ನೋಡುಗರ ಹಕ್ಕನ್ನು ಎತ್ತಿಹಿಡಿಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಳವಳಿಗಾರರ ಆತಂಕದಲ್ಲಿ ನಿಜದ ಒಂದಂಶವಿತ್ತು: ಎರವಲು ತುಟಿಗಳಿಗೆ ಹೊಂದಿಸಿದ ಕನ್ನಡವು ರಂಗದಲ್ಲಿ ಹುಟ್ಟಿದ ಕನ್ನಡದ ಸತ್ತ್ವವನ್ನು ಪಡೆಯುವುದು ಸುಲಭವಲ್ಲ.

೭

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಕನ್ನಡ ಚಲಚ್ಚಿತ್ರದ ಮಹಾಕಾವ್ಯವು ಪ್ರತಿನಾಯಕನ ಮಹಾಕಾವ್ಯ. ಅದಕ್ಕೆ ಬೀಜ ಒದಗಿದ್ದು ಹಳಗನ್ನಡದ ಕವಿಗಳಿಂದ. ಗೊಬ್ಬರ ಒದಗಿದ್ದು ತಾವೇ ನಟರಾಗಿದ್ದ ಕಂಪನಿಯ ಒಡೆಯರಿಂದ. ನೀರೆರೆದವರು ತಮ್ಮ ಹಣದಿಂದ ಕೌರವನಾಗುವ ಹಳ್ಳಿಯ ಹವ್ಯಾಸಿಗಳು. ಹೊರನಾಡಿಗೆ ಹೋದಾಗಲೆಲ್ಲ ಕನ್ನಡವು ಕೊಟ್ಟುದು ರಾಮನನ್ನಲ್ಲ, ರಾವಣನನ್ನು. ಲೋಕದ ದೊಡ್ಡ ಪ್ರೇಕ್ಷಕ ಸಮೂಹಕ್ಕಾಗಿ ರಾಮಾಯಣವು ಸಿದ್ಧವಾಗುವಾಗ ಆ ಪಾತ್ರ ಮತ್ತೆ ಕನ್ನಡದವರ ಪಾಲಿಗೇ ಬಂದಿದೆ. ಅದರ ದೃಶ್ಯವೈಭವದ ಬಗೆಗೆ ನಾವು ಚಿಂತಿಸಬೇಕಾಗಿಲ್ಲ. ಅದಕ್ಕೆ ಹಣವೂ ಯಂತ್ರವೂ ಇವೆ. ಕೇಳಬೇಕಾದ ಪ್ರಶ್ನೆಗಳು ಎರಡೇ: ಆ ರಾವಣನಿಗೆ ಪಶ್ಚಾತ್ತಾಪವಿದೆಯೇ? ಅವನಾಡುವ ಕನ್ನಡ ಎಲ್ಲಿಂದ ಬಂದದ್ದು?

ಕೊನೆಯದಾಗಿ ಸಂಶೋಧಕರ ಕರ್ತವ್ಯದ ಒಂದು ಮಾತು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಾಗೇಂದ್ರರಾಯರ ರಾವಣನು ಹೇಗೆ ನಡೆದನು, ಹೇಗೆ ನುಡಿದನು ಎಂಬುದನ್ನು ಇನ್ನು ಯಾರೂ ಕಣ್ಣಾರೆ ಕಾಣಲಾರರು. ಆ ಕೊರತೆಯನ್ನು ಯಾವ ಬಂಡವಾಳವೂ ತುಂಬಲಾರದು. ಆದರೆ ಅದೇ ನಡೆನುಡಿಗಳ ಛಾಯೆ ಹಾರ್ಮೋನಿಯಂ ಮೇಷ್ಟ್ರುಗಳ ಕೈಬರಹದ ಪುಸ್ತಕಗಳಲ್ಲಿಯೂ ಮುದುಕರಾದ ಪಾತ್ರಧಾರಿಗಳ ಕಂಠದಲ್ಲಿಯೂ ಇನ್ನೂ ಅಷ್ಟಿಷ್ಟು ಉಳಿದಿದೆ. ಕೃಷ್ಣರಾಜಪುರ, ಹೊಸಕೋಟೆಗಳ ಕಡೆ ನಗರವು ಹಳ್ಳಿಗಳನ್ನು ನುಂಗುತ್ತ ಸಾಗಿದಂತೆ ಆ ಪುಸ್ತಕಗಳೂ ರದ್ದಿಯ ಪಾಲಾಗುವ ಸಂಭವವಿದೆ. ಯಾವ ನಾಟಕ, ಯಾವ ಊರು, ಯಾವ ವರ್ಷ, ಯಾವ ಪಾತ್ರಕ್ಕೆ ಎಷ್ಟು ಹಣ, ಯಾವ ಪದ್ಯಕ್ಕೆ ಯಾವ ಮಟ್ಟು ಎಂಬುದನ್ನು ಬರೆದಿಡುವ ಕೆಲಸಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ; ನಾಲ್ಕಾರು ವಿದ್ಯಾರ್ಥಿಗಳೂ ಒಂದು ಧ್ವನಿಮುದ್ರಣ ಯಂತ್ರವೂ ಸಾಕು. ನಮ್ಮ ರಾವಣನು ಯಾರೆಂದು ಲೋಕವು ಮುಂದೊಂದು ದಿನ ನಮ್ಮನ್ನು ಕೇಳಿದರೆ, ತೋರಿಸಲು ನಮ್ಮ ಬಳಿ ಏನಾದರೂ ಇರಬೇಕಷ್ಟೆ.